ಸಗಣಿ ಸಾರಿಸದ ಅಂಗಳ

ಕಳೆದ ವಾರ ನಾಗಮಂಗಲದ ನೆಂಟರ ಮನೆಗೆ ಹೋದಾಗ ಅಂಗಳಕ್ಕೆ ಆಗಷ್ಟೇ ಸಗಣಿ ಸಾರಿಸಿದ್ದರು. ಆ ಹಸಿ ವಾಸನೆಗೆ ನನ್ನ ಕಾಲು ಗೇಟಿನ ಬಳಿಯೇ ನಿಂತಿತು... ಕಿಕ್ಕೇರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅತ್ತೆ ನೆನಪಾದರು.

ಅತ್ತೆ ಮದುವೆಯಾಗಿದ್ದು ಸ್ವಂತ ಸೋದರಮಾವನನ್ನು. ನಮ್ಮಲ್ಲಿ ಅದು ಹೊಸದಲ್ಲ. ಅವರ ಮಗಳಿಗೆ ಹುಟ್ಟಿದಾಗಿನಿಂದ ಜ್ವರ, ಕೀವು ತುಂಬಿದ ಗಡ್ಡೆಗಳು. ಕೊನೆಗೆ ಮೈಸೂರಿನ ಡಾಕ್ಟರು ದೂರದ ಲ್ಯಾಬಿಗೆ ರಕ್ತ ಕಳಿಸಿದರು. ನಾನಾಗ ಬಿ.ಎಸ್ಸಿ. ಓದುತ್ತಿದ್ದೆ, ರಿಪೋರ್ಟು ಓದಿ ಹೇಳಿದ್ದು ನಾನೇ. ರೋಗಾಣು ಕೊಲ್ಲಲು ಬಿಳಿ ರಕ್ತಕಣಕ್ಕೆ ಬೇಕಾದ ಒಂದು ಪ್ರೋಟೀನು ಮಗುವಿನಲ್ಲಿ ತಪ್ಪಾಗಿ ತಯಾರಾಗುತ್ತಿದೆ, ಆ ದೋಷ ಅಪ್ಪ ಅಮ್ಮ ಇಬ್ಬರಲ್ಲೂ ಸದ್ದಿಲ್ಲದೆ ಇತ್ತು ಎಂದೆಲ್ಲ ವಿವರಿಸಿದೆ. ಅತ್ತೆ ಕೇಳಿದ್ದು ಒಂದೇ: "ಈಗ ನಾನೇನ್ ಮಾಡ್ಬೇಕು, ಅದ ಯೋಳವ್ವ."

ಸಗಣಿ, ಒಣಹುಲ್ಲು, ಬೂಷ್ಟು ಹಿಡಿದದ್ದು ಯಾವುದೂ ಮಗುವಿನ ಹತ್ತಿರ ಸುಳಿಯಬಾರದಿತ್ತು. ಅವುಗಳಲ್ಲಿ ಬೆಳೆಯುವ ಬೂಷ್ಟು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಅತ್ತೆ ಎರಡು ಹಸುಗಳನ್ನೂ ತವರಿಗೆ ಹೊಡೆಸಿದರು, ಹುಲ್ಲಿನ ಮೆದೆ ತೆಗೆಸಿದರು, ಅಂಗಳಕ್ಕೆ ಬರೀ ನೀರು ಹಾಕಿ ರಂಗೋಲಿ ಬಿಡತೊಡಗಿದರು. ಪ್ಯಾಟೆಯವಳಾದಳು ಎಂದು ಬೀದಿಯವರು ಆಡಿಕೊಂಡರೆ ನಗುತ್ತಲೇ, "ಊಂ ಕಣಕ್ಕ, ಬನ್ನಿ, ಪಾಕೀಟು ಹಾಲಿನ ಟೀ ಕುಡ್ಕೊಂಡ್ ಹೋಗಿ" ಅನ್ನುತ್ತಿದ್ದರು.

ಒಂದು ಸಂಕ್ರಾಂತಿಯ ಹೊತ್ತಿಗೆ ಅವರು ಮಗಳೊಂದಿಗೆ ಆಸ್ಪತ್ರೆಯಲ್ಲಿದ್ದರು. ಹಬ್ಬದ ದಿನವೇ ಬರುತ್ತಾರೆಂದು ಗೊತ್ತಾಯಿತು. ಅವರ ಅಂಗಳ ಬಿಕೋ ಎನ್ನಬಾರದೆಂದು ಅಮ್ಮನೂ ನಾನೂ ಸೇರಿ ಗಟ್ಟಿಯಾಗಿ ಸಗಣಿ ಸಾರಿಸಿದೆವು. ರಿಪೋರ್ಟು ಓದಿದ್ದ ನನಗೆ ಹೊಳೆಯಲಿಲ್ಲವೇ? ಹೊಳೆದಿತ್ತು ಅನ್ನಿಸುತ್ತದೆ. ಅಂಗಳ ತಾನೆ, ಮನೆಯೊಳಗಲ್ಲವಲ್ಲ ಎಂದುಕೊಂಡೆನೋ... ಅಥವಾ ಈಗ ನನಗೆ ಅನುಕೂಲವಾಗುವಂತೆ ನೆನೆಯುತ್ತಿದ್ದೇನೋ.

ಆಟೋ ಇಳಿದ ಅತ್ತೆ ಮಗಳ ಮುಖಕ್ಕೆ ಸೆರಗು ಮುಚ್ಚಿ ಅಲ್ಲೇ ನಿಂತರು. ಬೈಯಲಿಲ್ಲ. "ಚೆಂದಾಗ್ ಸಾರ್ಸಿದ್ದೀಯ ಕಣವ್ವ. ತೊಳ್ದ್ಬುಡು," ಎಂದರು. ನಾನು ಕೊಡಗಟ್ಟಲೆ ನೀರು ಸುರಿದು ತೊಳೆಯುವವರೆಗೂ ಬೀದಿಯ ಕೊನೆಯ ಕಟ್ಟೆಯ ಮೇಲೆ ಮಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಮುಂದಿನ ತಿಂಗಳು ಮಗುವಿಗೆ ನ್ಯುಮೋನಿಯಾ ಆಯಿತು. ನಮ್ಮಿಂದಲೇ ಆಯಿತೋ, ಯಾರೂ ಹೇಳಲಾರರು. ಮಗು ಹೇಗೋ ಉಳಿಯಿತು. ಅತ್ತೆ ಆ ಹಬ್ಬದ ಮಾತು ಎಂದೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ. ಹೋಗಿ ಎರಡು ವರ್ಷವಾಯಿತು.

ನಾಗಮಂಗಲದಿಂದ ಬಂದ ಸಂಜೆ ಅವರ ಮಗಳಿಗೆ ಫೋನು ಮಾಡಿ ಎಲ್ಲ ಹೇಳಿಬಿಟ್ಟೆ.

"ಅವ್ವ ಇದ್ಯಾವ್ದೂ ಯೋಳ್ನೇ ಇಲ್ಲ ಕಣಕ್ಕ. ನಾನು ಬತ್ತೀನಿ ಅಂತ ನೀನು ಅಂಗ್ಳ ಎಲ್ಲಾ ತೊಳ್ದೆ ಅಂತ ಮಾತ್ರ ಯೋಳ್ತಿತ್ತು."