ಸೀಟಿಯ ಮೊಳೆ

ಚಳ್ಳಕೆರೆಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನ ಗೋಡೆಗೆ ಇರುವುದು ಒಂದೇ ಮೊಳೆ. ಅದನ್ನು ನನ್ನ ಕೊಡೆಯೂ ರಹಮತನ ಸೀಟಿಯೂ ಆರು ವರ್ಷ ಜಗಳವಿಲ್ಲದೆ ಹಂಚಿಕೊಂಡಿದ್ದವು. ಮಳೆಯ ಸುಳಿವಿಲ್ಲದ ಊರಿನಲ್ಲಿ ಕೊಡೆಯೇಕೆಂದು ನೀವು ಕೇಳಬಹುದು. ಬಿಸಿಲಿಗೆ ಅಂಜುವ ಕನ್ನಡ ಅಧ್ಯಾಪಕನೆಂದು ಕ್ಷಮಿಸಿ.

ರಹಮತ್ ನಮ್ಮ ಅತಿಥಿ ಕ್ರೀಡಾ ಶಿಕ್ಷಕ. ಆರು ವರ್ಷವಾದರೂ ಅತಿಥಿಯೇ. ಎಂ.ಪಿ.ಎಡ್. ಮುಗಿಸಿದ್ದ ಅವನು ಪರಶುರಾಂಪುರದ ಮೊದಲ ಬಸ್ಸಿಗೆ ಬರುವ ಹುಡುಗಿಯರಿಗೆ ಬೆಳಿಗ್ಗೆ ಖೋ ಖೋ ಕಲಿಸಿ, ಮಧ್ಯಾಹ್ನ ಅಣ್ಣನ ಗ್ಯಾರೇಜಿನಲ್ಲಿ ಬೈಕು ಬಿಚ್ಚುತ್ತಿದ್ದ. ನಮ್ಮ ಹುಡುಗಿಯರು ಮೊಳಕಾಲ್ಮೂರಿನ ತಂಡವನ್ನು ಸೋಲಿಸಿದ ದಿನ ನಾನು ಭಾಷಣದಲ್ಲಿ ಕಾಲೇಜಿನ ಕೀರ್ತಿಯನ್ನು ದಿಗಂತಕ್ಕೆ ಮುಟ್ಟಿಸಿ, ಅವನ ಹೆಸರನ್ನು ಮರೆತಿದ್ದೆ.

ಈ ವರ್ಷ ಕ್ರೀಡಾ ನಿರ್ದೇಶಕರ ಕಾಯಂ ಹುದ್ದೆ ಬಂತು. ಆಯ್ಕೆ ಸಮಿತಿಯ ಐವರಲ್ಲಿ ನಾನೂ ಒಬ್ಬ. ಉಳಿದ ನಾಲ್ವರಿಗೂ ಒಬ್ಬೊಬ್ಬ ಅಳಿಯನೋ ಷಡ್ಡಕನೋ ಇದ್ದ. ಒಬ್ಬರ ಕಡೆಯವನನ್ನು ಒಪ್ಪಿದರೆ ಇನ್ನು ಮೂವರ ಮನೆಯ ಮದುವೆಗೆ ಹೋಗುವಂತಿರಲಿಲ್ಲ. ಆದ್ದರಿಂದ ಯೋಗ್ಯರನ್ನು ಹುಡುಕಿಕೊಡುವ ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಒಪ್ಪಿಸಿದೆವು. ನಾಳೆ ಯಾರಾದರೂ ಮುನಿಸಿಕೊಂಡರೆ, "ನಾವೇನ್ ಮಾಡಾಣ, ಅವ್ರು ಆರ್ಸಿದ್ದು" ಎಂದು ಕೈತೊಳೆದುಕೊಳ್ಳಬಹುದಲ್ಲ. ನಾವು ಐವರೂ ಯಾರ ಹೆಸರನ್ನೂ ಎತ್ತಬಾರದೆಂದು ಪ್ರಿನ್ಸಿಪಾಲರ ಗಣಪತಿ ಫೋಟೋದ ಎದುರು ಮಾತು ಕೊಟ್ಟುಕೊಂಡೆವು.

ಕಂಪನಿಯ ಹೆಣ್ಣುಮಗಳು ಒಬ್ಬೊಬ್ಬರಿಗೂ ಫೋನು ಮಾಡಿ, ನಿಮ್ಮಲ್ಲೇ ಯಾರಾದರೂ ಯೋಗ್ಯರಿದ್ದಾರೆಯೇ ಎಂದು ವಿನಯದಿಂದ ಕೇಳಿದಳು. ನನಗೆ ಅಳಿಯನೂ ಇಲ್ಲ, ಷಡ್ಡಕನೂ ಇಲ್ಲ. ಆದರೂ ಮಾತಿಗೆ ತಪ್ಪಲಿಲ್ಲ. 'ನಿಷ್ಪಕ್ಷಪಾತ' ಎಂಬ ಪದವನ್ನು ಮೂರು ಸಲ ಬಳಸಿ ಫೋನಿಟ್ಟೆ.

ಹಾಸನದ ಕಡೆಯವರೊಬ್ಬರು ಆಯ್ಕೆಯಾಗಿ ಬಂದರು. ಒಳ್ಳೆಯವರು. ಮೊದಲ ದಿನವೇ ಖೋ ಖೋ ಅಂಕಣದ ಸುಣ್ಣದ ಗೆರೆಗಳನ್ನು ನೋಡಿ, ಇಷ್ಟು ಅಚ್ಚುಕಟ್ಟಾಗಿ ಎಳೆದವರು ಇಲ್ಲೇ ಇರುವಾಗ ನನ್ನನ್ನು ಅಷ್ಟು ದೂರದಿಂದ ಯಾಕೆ ಕರೆಸಿದಿರಿ ಎಂದು ಕೇಳಿದರು. ನಾನು ಆಕಾಶ ನೋಡಿದೆ. ಮೋಡವಿರಲಿಲ್ಲ.

ಸಂಜೆ ರಹಮತ್ ಹೊಸ ನಿರ್ದೇಶಕರಿಗೆ ಸೀಟಿ ಒಪ್ಪಿಸಿ ನನ್ನ ಬಳಿ ಬಂದ.

"ಸಾರ್, ಕಂಪ್ನಿಯೋರು ನಿಮ್ಗೂ ಫೋನ್ ಮಾಡಿದ್ರಾ?"

"ಮಾಡಿದ್ರಪ್ಪಾ."

"ಬೇರೆ ಯಾರು ಹೇಳ್ದೆ ಇದ್ರೂ ನೀವು ನನ್ ಹೆಸ್ರು ಹೇಳಿರ್ತೀರಿ ಅನ್ಕಂಡಿದ್ದೆ."

ನನಗೆ ತುಂಬ ನಾಚಿಕೆಯಾಯಿತು. ಮೂರು ಸಲ ಬಳಸಿದ್ದ ಪದ ನಾಲ್ಕನೆಯ ಸಲ ಬಾಯಿಗೆ ಬರಲಿಲ್ಲ. ಅವನು ನಮಸ್ಕಾರ ಹೇಳಿ ಗ್ಯಾರೇಜಿಗೆ ಹೋದ.

ಹೊಸ ನಿರ್ದೇಶಕರು ಸೀಟಿಯನ್ನು ಕೊರಳಿನಲ್ಲೇ ಇಟ್ಟುಕೊಳ್ಳುತ್ತಾರೆ. ಮೊಳೆ ಈಗ ಪೂರ್ತಿ ನನ್ನದೇ. ಕೊಡೆಯನ್ನು ನಾನು ಮೇಜಿನ ಕೆಳಗೆ ಇಡುತ್ತೇನೆ.