ಹೊಗೆ ಬಂದರೆ ಫೋಟೋ ಚೆನ್ನಾಗಿ ಬರುತ್ತೆ

"ಮೇಡಂ, ಬಸ್ ಮತ್ತೆ ಸ್ಟಾರ್ಟ್ ಮಾಡಿ ಅಂತ ಡ್ರೈವರ್‌ಗೆ ಸ್ವಲ್ಪ ಹೇಳಿ. ನಮ್ಮದಿನ್ನೂ ಫೋಟೋ ಆಗಿಲ್ಲ."

ಕಳೆದ ಶನಿವಾರ ಹಳೇಬೀಡಿನಲ್ಲಿ, ಇಸ್ತ್ರಿ ಮಾಡಿದ ಶರ್ಟಿನ ಸಭ್ಯ ಗೃಹಸ್ಥರೊಬ್ಬರು ನನಗೆ ಹೇಳಿದ ಮಾತಿದು. ತಮಾಷೆಗಲ್ಲ, ನಿಜವಾಗಿಯೇ ಹೇಳಿದರು.

ನನ್ನ ತಂಗಿಯ ಮಗಳು ಕಾವ್ಯ ಚಿತ್ರಕಲೆ ಓದಿದವಳು. ದೇವಸ್ಥಾನದ ರಸ್ತೆಯಲ್ಲಿ ಖಾಲಿ ಬಿದ್ದಿದ್ದ ಅಂಗಡಿಯೊಂದರಲ್ಲಿ, ಎಂಟು ತಿಂಗಳು ಕೂತು ಮಾಡಿದ ತನ್ನ ಕಲಾಕೃತಿಯನ್ನು ಇಟ್ಟಿದ್ದಳು. ಹೊರಗೋಡೆಗೆ ಗಾಳಿ ಅಳೆಯುವ ಪುಟ್ಟ ಸೆನ್ಸರ್. ಒಳಗೆ ದೊಡ್ಡ ಬಿಳಿ ಪರದೆ. ಮುಂದೆ ನಿಂತರೆ ನಿಮ್ಮ ನೆರಳು ಮೂಡುತ್ತದೆ. ಆ ಕ್ಷಣ ಹೊರಗಿನ ಗಾಳಿಯಲ್ಲಿ ಎಷ್ಟು ಹೊಗೆ, ದೂಳು ಇದೆಯೋ ಅಷ್ಟು ಕೆಂಪು ಚುಕ್ಕೆಗಳು ನೆರಳಿನ ಎದೆಯೊಳಗೆ ತುಂಬಿಕೊಳ್ಳುತ್ತವೆ.

"ದೊಡ್ಡಮ್ಮ, ಬಾಗಿಲಲ್ಲಿ ನಿಂತು ಬಂದವರಿಗೆ ವಿವರಿಸ್ತೀಯಾ?" ಅಂದಳು. ಅರಸೀಕೆರೆಯಿಂದ ಬೆಳಗಿನ ಬಸ್ಸಿಗೇ ಹೊರಟೆ.

ಬೆಳಿಗ್ಗೆ ಕೆರೆಯ ಕಡೆಯಿಂದ ಒಳ್ಳೇ ಗಾಳಿ. ಎದೆಯಲ್ಲಿ ನಾಲ್ಕೋ ಐದೋ ಚುಕ್ಕೆ. ಬಂದವರೆಲ್ಲ ಮುಖ ಸಪ್ಪಗೆ ಮಾಡಿಕೊಂಡು ಹೋದರು. "ಏನೂ ಕಾಣ್ತಿಲ್ವಲ್ಲ, ಕೆಟ್ಟೋಗೈತಾ?" ಎಂದು ಒಬ್ಬರು ಕೇಳಿದರು. (ಗಾಳಿ ಚೆನ್ನಾಗಿದೆ ಎಂದಿದ್ದಕ್ಕೆ ನನ್ನನ್ನೇ ಅನುಮಾನದಿಂದ ನೋಡಿದರು.)

ಹನ್ನೊಂದರ ಹೊತ್ತಿಗೆ ಟೂರಿಸ್ಟ್ ಬಸ್ಸೊಂದು ಅಂಗಡಿಯ ಪಕ್ಕಕ್ಕೇ ಬಂದು ನಿಂತಿತು. ಎಂಜಿನ್ ಆರಿಸಲಿಲ್ಲ. ಎರಡೇ ನಿಮಿಷ, ಪರದೆಯ ಮೇಲೆ ಚುಕ್ಕೆಗಳ ಜಾತ್ರೆ. ಜನ ಮುಗಿಬಿದ್ದರು. ಕ್ಯೂ ಆಯಿತು. ಸೆಲ್ಫಿ, ರೀಲ್ಸ್, ಗಂಡ ಹೆಂಡತಿ ಜೋಡಿ ಫೋಟೋ. ಸುಳ್ಳೇಕೆ ಹೇಳಲಿ, ನಾನೂ ಒಂದು ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. "ಸೂಪರ್" ಎಂದು ಏಳು ಜನ ಉತ್ತರಿಸಿದರು.

ಅಂಗಡಿ ಮೆಟ್ಟಿಲ ಬಳಿ ದಿನವೂ ಕೂತು ಸೌತೆಕಾಯಿ ಮಾರುವ ಗೌರಮ್ಮ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದರು. ಪರದೆಯ ಮುಂದೆ ನಿಂತರು. ಎದೆಯ ಭಾಗ ಪೂರ್ತಿ ಕೆಂಪಾಯಿತು.

"ಇಷ್ಟೂ ನನ್ನ ಎದೇಲೈತಾ?"

"ಇಲ್ಲ ಅಜ್ಜಿ, ಇದು ಈಗ ಹೊರಗಿರೋ ಗಾಳಿ," ಎಂದಳು ಕಾವ್ಯ.

"ಆ ಗಾಳಿ ಕುಡಿಯೋರು ಯಾರವ್ವ ಮತ್ತೆ? ಇವ್ರು ಹತ್ಕೊಂಡು ಹೋಯ್ತಾರೆ. ನಾನು ಸಂಜೆಗಂಟ ಇಲ್ಲೇ ಕೂತಿರ್ತೀನಿ."

ನೆಟ್ಟಗೆ ಬಸ್ಸಿನ ಬಳಿ ಹೋದರು. "ಅಣ್ಣ, ಆಫ್ ಮಾಡಪ್ಪ. ಕೆಮ್ಮು ಬತ್ತೈತೆ." ಡ್ರೈವರ್ ಮರುಮಾತಿಲ್ಲದೆ ಆರಿಸಿದ. ಒಳಗೆ ಚುಕ್ಕೆಗಳು ಒಂದೊಂದಾಗಿ ಕರಗತೊಡಗಿದವು. ನನಗೆ ಖುಷಿಯಾಯಿತು. ಕ್ಯೂನಲ್ಲಿದ್ದವರಿಗೆ ಆಗಲಿಲ್ಲ.

ಆಗ ಬಂದದ್ದೇ ಆ ಗೃಹಸ್ಥರ ಮಾತು. ನಾನು ಗೌರಮ್ಮನ ಕಡೆ ಕೈ ತೋರಿಸಿ, "ಅವರಿಗೆ ಕೆಮ್ಮು ಬರುತ್ತಂತೆ ಸಾರ್," ಎಂದೆ.

"ಐದೇ ನಿಮಿಷ ಅಲ್ವಾ ಮೇಡಂ?" ಎಂದವರು ತಾವೇ ಹೋಗಿ ಡ್ರೈವರಿಗೆ ಹೇಳಿದರು. ಬಸ್ ಮತ್ತೆ ಸ್ಟಾರ್ಟ್ ಆಯಿತು.

ಗೌರಮ್ಮ ಜಗಳಕ್ಕೆ ಹೋಗಲಿಲ್ಲ. ಬುಟ್ಟಿ ಎತ್ತಿಕೊಂಡು ಅಂಗಡಿಯ ಹಿಂಭಾಗಕ್ಕೆ ಹೋಗಿ ಕೂತರು. ಅಲ್ಲಿ ಗಾಳಿ ಇದೆ. ಗಿರಾಕಿ ಇಲ್ಲ.

ಕಾವ್ಯ ಅದನ್ನು ನೋಡಿದಳು. ಪರದೆಯ ಪ್ಲಗ್ ಕಿತ್ತಳು. "ಏನ್ರೀ ಇದು, ಅಷ್ಟೊತ್ತಿಂದ ನಿಂತಿದ್ದೀವಿ," ಎಂದು ಗೊಣಗುತ್ತಾ ಜನ ಚದುರಿದರು. ಐಸ್‌ಕ್ರೀಂ ತಿಂದರು. ಆಮೇಲೆ ಬೇಲೂರಿಗೆ ಹೊರಟರು. ಅಷ್ಟು ಹೊತ್ತೂ ಎಂಜಿನ್ ಓಡುತ್ತಲೇ ಇತ್ತು.

"ನಾನು ಮಾಡಿದ್ದು ವೇಸ್ಟ್ ಅಲ್ವಾ ದೊಡ್ಡಮ್ಮ?" ಎಂದಳು ಕಾವ್ಯ. ಇಬ್ಬರೂ ಹಿಂದೆ ಹೋಗಿ ಗೌರಮ್ಮನ ಪಕ್ಕ ಕೂತು ಸೌತೆಕಾಯಿ ತಿಂದೆವು.

ಅಷ್ಟು ಜನರಿದ್ದೆವು, ಓದಿದವರು, ಬರೆಯುವವರು, ಕಲಾವಿದರು. ಆಫ್ ಆಗಬೇಕಾದದ್ದು ಯಾವುದೆಂದು ಹೊಳೆದದ್ದು ಗೌರಮ್ಮ ಒಬ್ಬರಿಗೇನಾ?