ಆರು ಜನರ ಟೇಬಲ್ಲು

ಹಾಸ್ಟೆಲಿನಲ್ಲಿ ನಾವು ಅವರನ್ನು ಗೊಂಚಲು ಮೇಡಂ ಎಂದು ಕರೆಯುತ್ತಿದ್ದೆವು. ಬೆನ್ನ ಹಿಂದೆ ಮಾತ್ರ. ಅವರ ಸೊಂಟದಲ್ಲಿ ಸದಾ ನಲವತ್ತು ಐವತ್ತು ಬೀಗದ ಕೈಗಳ ಗೊಂಚಲು ಇರುತ್ತಿತ್ತು. ಅದು ಕಾರಿಡಾರಿನ ಆ ತುದಿಯಲ್ಲಿ ಸದ್ದು ಮಾಡಿದರೆ ಈ ತುದಿಯಲ್ಲಿ ರೇಡಿಯೋ ಬಾಯಿ ಮುಚ್ಚುತ್ತಿತ್ತು. ಮೂವತ್ತೊಂದು ವರ್ಷ ಅವರು ಅಲ್ಲಿ ವಾರ್ಡನ್ ಆಗಿದ್ದರು. ನಾನು ಕಂಡದ್ದು ಅದರಲ್ಲಿ ಎರಡೇ ವರ್ಷ. ಆಮೇಲಿನದ್ದನ್ನು ಕೆಲವು ಅವರೇ ಹೇಳಿದರು, ಕೆಲವು ಹಳೇ ಸಾಮಾನಿನ ಅಂಗಡಿಯ ಯಜಮಾನರು ಹೇಳಿದರು.

ಅವರ ಕೋಣೆ ನೆಲಮಹಡಿಯಲ್ಲಿ, ಮೆಟ್ಟಿಲಿನ ಪಕ್ಕ. ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ, ಒಂದು ಕಬ್ಬಿಣದ ಬೀರು. ಎಲ್ಲದರ ಮೇಲೂ ಬಿಳಿ ಬಣ್ಣದಲ್ಲಿ ಹಾಸ್ಟೆಲಿನ ನಂಬರು. ವರ್ಷಕ್ಕೊಮ್ಮೆ ಆಫೀಸಿನ ಗುಮಾಸ್ತರು ಬಂದು, ಮಂಚದ ಕೆಳಗೆ ಬಗ್ಗಿ ನಂಬರು ನೋಡಿ, ಗುರುತು ಹಾಕಿಕೊಂಡು ಹೋಗುತ್ತಿದ್ದರು. ನಿವೃತ್ತಿಯ ದಿನ ಗೊಂಚಲನ್ನು ಹೊಸ ವಾರ್ಡನ್ ಕೈಗೆ ಕೊಟ್ಟು ಮೇಡಂ ಹೊರಬಂದಾಗ ಅವರ ಬಳಿ ಇದ್ದದ್ದು ಎರಡು ಪೆಟ್ಟಿಗೆ, ಒಂದು ಸ್ಟೌ, ಒಂದು ಛತ್ರಿ. ಅರವತ್ತು ವರ್ಷದ ಹೆಂಗಸಿಗೆ ತನ್ನದೆಂದು ಹೇಳಿಕೊಳ್ಳಲು ಒಂದು ಸ್ಟೂಲೂ ಇರಲಿಲ್ಲ.

ಮದುವೆಯಾಗಿರಲಿಲ್ಲ. ಯಾಕೆಂದು ನಾನು ಕೇಳಿಲ್ಲ, ಅವರು ಹೇಳಿಲ್ಲ. ಒಬ್ಬ ತಮ್ಮ ಇದ್ದ.

"ನಮ್ಮಲ್ಲೇ ಬಂದಿರು ಅಕ್ಕ, ಒಬ್ಳೇ ಏನ್ಮಾಡ್ತೀಯ?" ಎಂದು ಕರೆದುಕೊಂಡು ಹೋದ. ಮೂರನೆಯ ದಿನ ಅವನ ಹೆಂಡತಿ ಬಟ್ಟೆ ಮಡಚುತ್ತ, ಬಹಳ ಮೆತ್ತಗೆ, "ಎಷ್ಟು ದಿನ ಇರ್ಬೋದು ಅಂದ್ಕೊಂಡಿದ್ದೀರಿ ಅಕ್ಕಾ? ಮಕ್ಕಳ ಓದಿನ ಕೋಣೆ, ಅದಕ್ಕೆ ಕೇಳ್ದೆ" ಎಂದಳು.

"ಮನೆ ನೋಡ್ತಾ ಇದ್ದೀನಮ್ಮ" ಎಂದರು ಮೇಡಂ. ಅಲ್ಲಿಯವರೆಗೆ ನೋಡಿರಲಿಲ್ಲ. ಮರುದಿನದಿಂದ ನೋಡಲು ಹೊರಟರು.

ನಿವೃತ್ತಿಯಾದಾಗ ಕೈಗೆ ಬಂದ ಹಣಕ್ಕೆ ಸಿಕ್ಕಿದ್ದು ಸಾಲುಮನೆಗಳ ಕೊನೆಯ ಮನೆ. ಎರಡು ಕೋಣೆ, ಅಡುಗೆಮನೆ, ಹಿಂದೆ ಬಟ್ಟೆ ಒಣಹಾಕುವಷ್ಟು ಜಾಗ. ಮೊದಲು ದರ್ಜಿಯೊಬ್ಬರದ್ದು, ಆಮೇಲೆ ಬಾಡಿಗೆಯವರು, ಅವರಾದ ಮೇಲೆ ಬೇರೆ ಬಾಡಿಗೆಯವರು. ಪ್ರತಿಯೊಬ್ಬರೂ ಒಂದೊಂದು ಬಣ್ಣ ಬಳಿದು ಒಂದಿಷ್ಟು ಮೊಳೆ ಹೊಡೆದು ಹೋಗಿದ್ದರು. ಅಡುಗೆಮನೆಯ ಕಿಟಕಿ ಬಣ್ಣದಿಂದಲೇ ಅಂಟಿಕೊಂಡು ತೆರೆಯುತ್ತಿರಲಿಲ್ಲ. ಬಣ್ಣದವನನ್ನು ಕರೆಸಿದರೆ ಅವನು ಗೋಡೆಗಿಂತ ಹೆಚ್ಚು ಇವರ ಮುಖ ನೋಡಿ ರೇಟು ಹೇಳಿದ. ಮುನ್ನೂರು ಹುಡುಗಿಯರನ್ನು ಸಂಭಾಳಿಸಿದವಳಿಗೆ ನಾಲ್ಕು ಗೋಡೆ ಯಾವ ಮಹಾ ಎಂದುಕೊಂಡು ಮೇಡಂ ತಾವೇ ಕೈಹಾಕಿದರು.

ಗೋಡೆಯಿಂದ ಕಿತ್ತ ಮೊಳೆಗಳೇ ಎರಡು ಡಬ್ಬಿ ತುಂಬಿದವು. ಅಗಲ ತಗಡಿನಿಂದ ಕೆರೆದರೆ ಹಸಿರಿನ ಕೆಳಗೆ ಗುಲಾಬಿ, ಗುಲಾಬಿಯ ಕೆಳಗೆ ನೀಲಿ. ಬಣ್ಣದ ಅಂಗಡಿಯವನನ್ನು ಕೇಳಿ ಕೇಳಿ, ಬಿರುಕಿಗೆ ಪುಟ್ಟಿ ತುಂಬುವುದು, ಒಣಗಿದ ಮೇಲೆ ಉಜ್ಜುವ ಕಾಗದದಿಂದ ತಿಕ್ಕುವುದು, ಆಮೇಲೆ ಮೊದಲ ಕೈ, ಎರಡನೆಯ ಕೈ ಬಣ್ಣ, ಎಲ್ಲ ಕಲಿತರು. ಮೊದಲ ಗೋಡೆ ನಕಾಶೆಯಂತಾಯಿತು. ಎರಡನೆಯದು ಪರವಾಗಿಲ್ಲ. ಮೂರನೆಯದನ್ನು ಯಾರಿಗಾದರೂ ತೋರಿಸಬೇಕೆನ್ನಿಸಿತು, ತೋರಿಸಲು ಯಾರೂ ಇರಲಿಲ್ಲ. ಹೊಸ್ತಿಲಲ್ಲಿ ನಿಂತು ತಾವೇ ಹೊರಗಿನವರಂತೆ ಒಳಗೆ ನೋಡಿದರಂತೆ.

ಹಗಲು ಕೆಲಸದಲ್ಲಿ ಕಳೆಯುತ್ತಿತ್ತು. ಸಂಜೆ ಏಳು ಗಂಟೆ ಮಾತ್ರ ಕಷ್ಟ. ಅದು ಹಾಸ್ಟೆಲಿನಲ್ಲಿ ಹಾಜರಿಯ ಹೊತ್ತು. ಆ ಹೊತ್ತಿಗೆ ಅವರ ಕೈ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು.

ಗೋಡೆ ಮುಗಿದ ಮೇಲೆ ಕೂರಲು ಒಂದು ಕುರ್ಚಿಯಾದರೂ ಬೇಕಲ್ಲ ಎಂದು ಹಳೇ ಸಾಮಾನಿನ ಅಂಗಡಿಗೆ ಹೋದರು. ಅದು ಮುಚ್ಚಿಹೋದ ಸಿನಿಮಾ ಮಂದಿರದೊಳಗಿನ ಅಂಗಡಿ. ಇಳಿಜಾರು ನೆಲದ ಮೇಲೆ ಬೀರು, ಮಂಚ, ಕನ್ನಡಿಗಳೆಲ್ಲ ಪರದೆಯ ಕಡೆಗೆ ಮುಖ ಮಾಡಿ ನಿಂತಿದ್ದವು. ಯಜಮಾನರು ದಪ್ಪನೆಯವರು, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುವವರು. ಯಾರೇ ಬರಲಿ, ಮೊದಲ ಪ್ರಶ್ನೆ ಒಂದೇ.

"ಮನೇಲಿ ಎಷ್ಟು ಜನ ಅಕ್ಕಾ?"

"ಆರು ಜನ" ಎಂದರು ಮೇಡಂ.

ಯಾಕೆ ಹಾಗೆಂದರೋ ಅವರಿಗೇ ಗೊತ್ತಿಲ್ಲ. ಒಬ್ಬಳೇ ಎನ್ನಲು ನಾಲಗೆ ಹೊರಳಲಿಲ್ಲವಂತೆ. ಆಡಿದ ಮಾತನ್ನು ನುಂಗುವಷ್ಟರಲ್ಲಿ ಯಜಮಾನರು ಎರಡು ಬೀರು ಸರಿಸಿ ಹಿಂದಿನಿಂದ ಉದ್ದನೆಯ ಊಟದ ಟೇಬಲ್ಲು ಎಳೆದಾಗಿತ್ತು.

"ನಿಮಗಂತಾನೇ ಕಾಯ್ತಿತ್ತು ನೋಡಿ. ಗಟ್ಟಿ ಮರ. ಮೇಲೆ ಗೀರು ಬಿದ್ದಿದೆ, ಉಜ್ಜಿ ವಾರ್ನಿಶ್ ಹೊಡೆದ್ರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ. ಕುರ್ಚಿ ಮಾತ್ರ ಜೊತೆದು ಇಲ್ಲ. ಬಂದ ಹಾಗೆ ಒಂದೊಂದೇ ಕೊಡ್ತೀನಿ."

ಹೀಗೆ ಟೇಬಲ್ಲು ಬಂತು. ಇಳಿಸಿಕೊಳ್ಳುವಾಗ ಒಂದು ತುದಿ ಮೇಡಂ ಹಿಡಿದರು, ಇನ್ನೊಂದು ತುದಿ ಗಾಡಿಯವನು. ಅರ್ಧ ಕೋಣೆ ಅದಕ್ಕೇ ಹೋಯಿತು.

ಆಮೇಲೆ ಎರಡು ವಾರಕ್ಕೊಮ್ಮೆ ಅಂಗಡಿಗೆ ಹೋಗುವ ರೂಢಿಯಾಯಿತು. ಒಂದೊಂದು ಸಲ ಒಂದೊಂದು ಮುರುಕು ಕುರ್ಚಿ, ಒಂದೊಂದು ಕುರ್ಚಿಗೆ ಒಂದೊಂದು ಮಗಳು. ದೊಡ್ಡವಳಿಗೆ ಬೆನ್ನುನೋವು, ಎತ್ತರದ ಬೆನ್ನಿನದು ಬೇಕು. ಎರಡನೆಯವಳು ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಗಟ್ಟಿಯಾಗಿ ಓದುವವಳು, ಅಗಲವಾದದ್ದು ಬೇಕು. ಮೂರನೆಯವಳು ಎಡಚಿ. "ಅವಳನ್ನ ಎಡ ತುದಿಗೆ ಕೂರಿಸ್ಬೇಕು ಯಜಮಾನ್ರೇ, ಇಲ್ಲಾಂದ್ರೆ ಪಕ್ಕದವರ ಮೊಣಕೈಗೆ ತಗಲಿ ದಿನಾ ಜಗಳ. ಕೈ ಇಲ್ಲದ ಕುರ್ಚಿ ನೋಡಿ" ಎಂದರಂತೆ.

ಆ ಎಡಚಿ ನಾನು. ಹಾಸ್ಟೆಲಿನ ಊಟದ ಹಾಲಿನಲ್ಲಿ ನನ್ನನ್ನು ಎಡ ತುದಿಗೆ ಕೂರಿಸಿದವರು ಇವರೇ. ಕಾಲು ಮಡಚಿ ಓದುವವಳು ನನ್ನ ಕೋಣೆಯವಳು. ಅವರು ಹೇಳಿದ ಮಕ್ಕಳೆಲ್ಲ ಯಾವುದೋ ಕಾಲದಲ್ಲಿ ಅವರ ಹಾಜರಿ ಪುಸ್ತಕದಲ್ಲಿದ್ದವರು.

ಕುರ್ಚಿಗಳಿಗೆ ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಒಂದರ ಬೆತ್ತದ ಹೆಣಿಗೆ ಹರಿದಿತ್ತು, ಹಳೆ ಪೆಟ್ಟಿಗೆಗೆ ಬಿಗಿಯುತ್ತಿದ್ದ ಬಟ್ಟೆಪಟ್ಟಿಗಳನ್ನು ಅಡ್ಡ ಉದ್ದ ನೇಯ್ದು ಬಿಗಿದರು. ಒಂದು ಕುಂಟುತ್ತಿತ್ತು, ಗಿಡ್ಡ ಕಾಲಿಗೆ ಮರದ ತುಂಡು ಅಂಟಿಸಿ ಸಮ ಮಾಡಲು ಹೋಗಿ ಅದು ಇನ್ನೊಂದು ಕಡೆಗೆ ಕುಂಟತೊಡಗಿತು. ಕೊನೆಗೆ ನಾಲ್ಕೂ ಕಾಲನ್ನು ಉಜ್ಜಿ ಉಜ್ಜಿ, ಕುರ್ಚಿ ಹೋಗಿ ಮಕ್ಕಳ ಕುರ್ಚಿಯಾಗುವ ಹೊತ್ತಿಗೆ ಸರಿಹೋಯಿತು. ಈ ಪ್ರಸಂಗವನ್ನು ಅಂಗಡಿಯಲ್ಲಿ ಹೇಳಿದಾಗ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದು ಕೊನೇ ಮೊಮ್ಮಗೂಗೆ ಇರ್ಲಿ ಬಿಡಿ ಅಕ್ಕಾ!" ಮೇಡಂ ಕೂಡ ನಕ್ಕರು. ವಾರಗಟ್ಟಲೆ ಬಾಯಿ ಬಿಡದವರು ಅಲ್ಲಿ ಅರ್ಧ ಗಂಟೆ ಮಾತಾಡಿ ಬರುತ್ತಿದ್ದರು. ಮನೆಗೆ ಬಂದ ಮೇಲೆ ಕುರ್ಚಿಗಳ ಮೇಲೆ ಧೂಳು ಕೂರದಂತೆ ಹಳೆಯ ಪೇಪರು ಹಾಸಿಡುತ್ತಿದ್ದರು. ತಾವು ಊಟ ಮಾಡುತ್ತಿದ್ದದ್ದು ಅಡುಗೆಮನೆಯ ಮೆಟ್ಟಿಲ ಮೇಲೆ.

ಐದು ಕುರ್ಚಿಗಳಾದವು. ಆರನೆಯದು ಸಿಕ್ಕಿದ ದಿನ ಯಜಮಾನರು, ಹೇಗೂ ಆ ಕಡೆ ಹೋಗುವ ಕೆಲಸವಿದೆ ಎಂದು, ಹೇಳದೆ ಕೇಳದೆ ತಾವೇ ಹೊತ್ತು ತಂದರು. ಭಾನುವಾರ ಮಧ್ಯಾಹ್ನ, ಮನೆಮಂದಿಯೆಲ್ಲ ಇರುವ ಹೊತ್ತು. ಬಾಗಿಲಲ್ಲಿ ಒಂದೇ ಜೊತೆ ಚಪ್ಪಲಿ. ಒಳಗೆ ಹೊಳೆಯುವ ಟೇಬಲ್ಲು, ಪೇಪರು ಹಾಸಿದ ಐದು ಕುರ್ಚಿ. ನೀರು ಕೇಳಿದರು. ಮೇಡಂ ಒಳಗೆ ಹೋಗಿ ಗಡಿಬಿಡಿಯಲ್ಲಿ ಲೋಟ ತೊಳೆಯುವ ಸದ್ದು ಕೇಳಿತು. ಮನೆಯಲ್ಲಿದ್ದದ್ದು ಒಂದೇ ಲೋಟ, ಅದರಲ್ಲಿ ಅವರ ಚಹಾ ಇತ್ತು.

"ಎಲ್ರೂ ಹೊರಗೆ ಹೋಗಿದ್ದಾರೆ ಅನ್ಸುತ್ತೆ" ಎಂದರು ಯಜಮಾನರು.

"ಹ್ಞೂಂ, ಹೋಗಿದ್ದಾರೆ."

ಅವರು ನೀರು ಕುಡಿದು, ಲೋಟವನ್ನು ಟೇಬಲ್ಲಿನ ಮೇಲಿಡದೆ ಕೈಗೇ ಕೊಟ್ಟು, ಹೊರಟುಹೋದರು. ಮೇಡಂ ಬಾಗಿಲು ಹಾಕಿ ಅದಕ್ಕೇ ಒರಗಿ ನಿಂತರಂತೆ. ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತ್ತು.

ಮೂರು ತಿಂಗಳು ಆ ಅಂಗಡಿಯ ದಿಕ್ಕಿಗೆ ಹೋಗಲಿಲ್ಲ. ಇದ್ದ ಒಂದು ಮಾತಿನ ಮನೆಯನ್ನು ಕೈಯಾರೆ ಕಳೆದುಕೊಂಡಂತಾಯಿತು. ಕೆಲಸ ನಿಲ್ಲಿಸಲಿಲ್ಲ. ಅಂಟಿಕೊಂಡಿದ್ದ ಅಡುಗೆಮನೆ ಕಿಟಕಿಯ ಸಂದಿಗೆ ಚಾಕು ಹಾಕಿ, ದಿನಕ್ಕೊಂದು ಗೇಣಿನಂತೆ ಬಣ್ಣ ಬಿಡಿಸಿದರು. ಅದು ತೆರೆದ ದಿನ, ತೆರೆದ ರಭಸಕ್ಕೆ ಅವರು ಬಣ್ಣ ಬಳಿಯಲೆಂದು ತಂದಿದ್ದ ಸ್ಟೂಲಿನಿಂದ ಕೆಳಗೆ ಬಿದ್ದರು. ಬಲಗೈ ಮಣಿಕಟ್ಟು ಉಳುಕಿತು. ನೆಲದ ಮೇಲೆ ಬಿದ್ದಲ್ಲೇ, ಕೂಗಿದರೆ ಯಾರು ಬರಬಹುದೆಂದು ಯೋಚಿಸಿದರು. ಪಕ್ಕದ ಮನೆಯಾಕೆಯ ಮುಖ ಗೊತ್ತಿತ್ತು, ಕರೆಯುವುದು ಹೇಗೆಂದು ಗೊತ್ತಿರಲಿಲ್ಲ. ಕೂಗಲಿಲ್ಲ. ಎದ್ದು ಎಡಗೈಯಿಂದಲೇ ಬಟ್ಟೆ ಸುತ್ತಿಕೊಂಡರು. ತೆರೆದ ಕಿಟಕಿಯಿಂದ ಗಾಳಿ ಮಾತ್ರ ಚೆನ್ನಾಗಿ ಬರುತ್ತಿತ್ತು.

ಕಿಟಕಿಯ ಕೀಲು ಮುರಿದಿತ್ತು. ಅಷ್ಟು ಹಳೆಯ ಅಳತೆಯ ಕೀಲು ಹೊಸ ಅಂಗಡಿಗಳಲ್ಲಿ ಸಿಗಲಿಲ್ಲ. ಕೊನೆಗೆ ಮುಖ ಗಟ್ಟಿ ಮಾಡಿಕೊಂಡು ಸಿನಿಮಾ ಮಂದಿರದ ಮೆಟ್ಟಿಲು ಹತ್ತಿದರು.

"ಕೈಗೇನಾಯ್ತು ಅಕ್ಕಾ?" ಎಂದರು ಯಜಮಾನರು. ಈ ಸಲ ಬೇರೇನೂ ಕೇಳಲಿಲ್ಲ.

"ನಿಮಗೆ ಸುಳ್ಳು ಹೇಳಿದ್ದೆ. ಮನೇಲಿ ಯಾರೂ ಇಲ್ಲ. ನಾನೊಬ್ಳೇ."

ಯಜಮಾನರು ತುಕ್ಕು ಹಿಡಿದ ಕೀಲುಗಳ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಹುಡುಕತೊಡಗಿದರು. ಹುಡುಕುತ್ತಲೇ ಹೇಳಿದರು. "ಎಷ್ಟು ಜನ ಅಂತ ಕೇಳಿದ್ರೆ ಇಲ್ಲಿಗೆ ಬರೋರು ಹೋದವರನ್ನೂ ಸೇರಿಸೇ ಹೇಳ್ತಾರಕ್ಕ. ನಮ್ಮಾಕೆ ತೀರಿಕೊಂಡ ಮೇಲೆ ನಾನೂ ಒಂದು ವರ್ಷ ಇಬ್ರು ಅಂತಾನೇ ಹೇಳ್ತಿದ್ದೆ." ಆಮೇಲೆ, "ಆ ಎಡಗೈ ಹುಡುಗೀನೂ ಸುಳ್ಳಾ?"

"ಇದ್ಲು. ಹಾಸ್ಟೆಲಲ್ಲಿ. ಎಲ್ಲರೂ ಅಲ್ಲಿದ್ದವರೇ. ಈಗ ಎಲ್ಲಿದ್ದಾರೋ."

"ಹಾಗಾದ್ರೆ ಪೂರ್ತಿ ಸುಳ್ಳಲ್ಲ ಬಿಡಿ. ಟೇಬಲ್ಲು ವಾಪಸ್ ತಗೋತೀನಿ, ಚಿಕ್ಕದು ಕೊಡ್ತೀನಿ."

ಮೇಡಂ ಒಪ್ಪಲಿಲ್ಲ. ನಾಲ್ಕು ಕುರ್ಚಿಗಳನ್ನು ಮಾತ್ರ ವಾಪಸು ಕಳಿಸಿದರು. ಕೈ ವಾಸಿಯಾದ ಮೇಲೆ ಯಜಮಾನರಿಂದ ಗರಗಸ ಎರವಲು ತಂದು, ಅವರು ಹೇಳಿಕೊಟ್ಟಂತೆ ಒಂದು ತುದಿಯ ಎರಡು ಕಾಲು ಬಿಚ್ಚಿ, ಪೆನ್ಸಿಲಿನಿಂದ ಗೆರೆ ಎಳೆದು, ಟೇಬಲ್ಲನ್ನು ಅಡ್ಡಲಾಗಿ ಕೊಯ್ದರು. ಮೂರು ಮಧ್ಯಾಹ್ನ ಹಿಡಿಯಿತು. ಗಟ್ಟಿ ಮರವೆಂದು ಯಜಮಾನರು ಹೇಳಿದ್ದು ನಿಜವಾಗಿತ್ತು. ನಡುವೆ ಒಮ್ಮೆ ಅಳು ಬಂತಂತೆ, ಮೂಗಿನೊಳಗೆ ಹೋದ ಮರದ ಪುಡಿಗೆ ಸೀನೂ ಬಂತು. "ಯಾವುದು ಯಾವುದಕ್ಕೆ ಅಂತ ಗೊತ್ತಾಗ್ಲಿಲ್ಲ ಕಣೆ" ಎಂದರು. ಕಾಲುಗಳನ್ನು ಮತ್ತೆ ಜೋಡಿಸಿದಾಗ ಇಬ್ಬರು ಕೂರುವಷ್ಟು ಟೇಬಲ್ಲು ಉಳಿಯಿತು. ಕೊಯ್ದ ಹಲಗೆ ಒಲೆಯ ಪಕ್ಕ ತರಕಾರಿ ಹೆಚ್ಚುವ ಕಟ್ಟೆಯಾಯಿತು. ಅಂದು ಅವರು ಆ ಮನೆಯಲ್ಲಿ ಮೊದಲ ಸಲ ಕುರ್ಚಿಯ ಮೇಲೆ ಕೂತು ಊಟ ಮಾಡಿದರು.

ನನಗೆ ಆ ಊರಿಗೆ ವರ್ಗವಾದದ್ದು ಅದರ ಮುಂದಿನ ವರ್ಷ. ಪುಸ್ತಕದ ಕಪಾಟಿಗೆಂದು ಅದೇ ಅಂಗಡಿಗೆ ಹೋಗಿ ವಿಳಾಸ ಬರೆದುಕೊಡುತ್ತಿದ್ದೆ. ಯಜಮಾನರು ನನ್ನ ಕೈಯನ್ನೇ ನೋಡುತ್ತ, "ನೀವು ಹಾಸ್ಟೆಲಲ್ಲಿ ಓದಿದ್ದೇನಮ್ಮಾ?" ಎಂದರು.

ಹೋದೆ. ಯಜಮಾನರು ಹೇಳಿದ ವಿಳಾಸದಲ್ಲಿ ಮೇಡಂ ಸಿಕ್ಕಿದರು, ನನ್ನನ್ನು ಗುರುತಿಸಲಿಲ್ಲ. ನಾನು ಕೋಣೆಯ ನಂಬರು ಹೇಳಿದ ಮೇಲೆ, "ಓ, ಬಟ್ಟೆ ಒಣಹಾಕಿ ಮರೆಯೋಳು" ಎಂದರು. ಅಪ್ಪಿಕೊಳ್ಳಲಿಲ್ಲ, ಕಣ್ಣೀರಿಲ್ಲ. ಹಿಂಬಾಗಿಲಿಗೆ ಬಣ್ಣ ಬಳಿಯುತ್ತಿದ್ದರು, ನನ್ನ ಕೈಗೂ ಒಂದು ಬ್ರಶ್ ಕೊಟ್ಟರು. "ಮೇಲಿಂದ ಕೆಳಕ್ಕೆ ಎಳಿ. ಅಲ್ಲೇ ತಿಕ್ಕಬೇಡ." ಸಂಜೆಯವರೆಗೆ ಬಳಿದೆವು. ಹೊರಡುವಾಗ, ಮುಂದಿನ ಭಾನುವಾರ ಬರ್ತೀನಿ ಮೇಡಂ ಎಂದೆ. "ಎಲ್ರೂ ಹಾಗೇ ಅಂದಿದ್ರು" ಎಂದರು. ಸಿಟ್ಟಿನ ದನಿಯಲ್ಲ, ಸುಮ್ಮನೆ ಗೊತ್ತಿದ್ದದ್ದನ್ನು ಹೇಳುವ ದನಿ.

ನಾನು ಮುಂದಿನ ಭಾನುವಾರ ಹೋದೆ, ಅದರ ಮುಂದಿನದಕ್ಕೂ ಹೋದೆ. ಹೀಗೆ ಏಳೆಂಟು ತಿಂಗಳು. ಈ ಕಥೆಯೆಲ್ಲ ಕೇಳಿದ್ದು ಆಗಲೇ. ಆಮೇಲೆ ಭಾನುವಾರಗಳು ತಿಂಗಳಿಗೊಂದಾದವು, ಆಮೇಲೆ ನನಗೆ ಮತ್ತೆ ವರ್ಗವಾಯಿತು. ಹೇಳಲು ಹೋದಾಗ ಅವರು ಒಂದು ಡಬ್ಬಿ ಮೊಳೆ ಕೊಟ್ಟರು. "ಬಾಡಿಗೆ ಮನೆ ಅಲ್ವಾ, ಬೇಕಾಗುತ್ತೆ. ಹೋಗುವಾಗ ಕಿತ್ತು ತಗೊಂಡು ಹೋಗು, ಬಂದೋರಿಗೆ ಬಿಡಬೇಡ."

ಈಗ ಆಗಾಗ ಫೋನ್ ಮಾಡುತ್ತೇನೆ. ಮನೆ ಹೇಗಿದೆ ಎಂದರೆ ಅರ್ಧ ಗಂಟೆ ಹೇಳುತ್ತಾರೆ. ನೀವು ಹೇಗಿದ್ದೀರಿ ಎಂದು ಹೋದ ಸಲ ಕೇಳಿದೆ.

"ಬಚ್ಚಲ ಬಾಗಿಲು ಬಿಚ್ಚಿ ಮಲಗಿಸಿದ್ದೀನಿ, ಒಂದು ಪಕ್ಕ ಆಗಿದೆ. ಫೋನ್ ಇಡ್ಲಾ? ಬ್ರಶ್ ಒಣಗಿಹೋಗುತ್ತೆ."

ನಾನು ಹ್ಞೂಂ ಎನ್ನುವ ಮೊದಲೇ ಇಟ್ಟುಬಿಟ್ಟರು.